ಆಯಿಲ್ ಯಾವಾಗ ಚೇಂಜ್ ಮಾಡಿಸ್ಬೇಕು? ಕಿಲೋಮೀಟರ್ ಬಿಡಿ, ಗಂಟೆ ಎಣಿಸಿ

ಪ್ರಶ್ನೆ: ಸಾರ್, ನನ್ನದು 2021ರ ಪೆಟ್ರೋಲ್ ಸ್ವಿಫ್ಟ್, ಬೆಂಗಳೂರಲ್ಲಿ ಓಡ್ಸೋದು. ಆಫೀಸು ಮನೆಯಿಂದ 5 ಕಿಲೋಮೀಟರ್, ಹೋಗೋಕೆ 35 ನಿಮಿಷ ಬರೋಕೆ 35 ನಿಮಿಷ. ವರ್ಷಕ್ಕೆ ಒಂದೈದು ಸಲ ಶಿವಮೊಗ್ಗಕ್ಕೆ ಊರಿಗೆ ಹೋಗಿ ಬರ್ತೀನಿ. ಎಲ್ಲಾ ಸೇರಿ ವರ್ಷಕ್ಕೆ 5,300 ಕಿಲೋಮೀಟರ್ ಆಗತ್ತೆ ಅಷ್ಟೆ. ಸರ್ವಿಸ್ ಸೆಂಟರ್‌ನವರು ಆರು ತಿಂಗಳಿಗೊಮ್ಮೆ ಆಯಿಲ್ ಹಾಕ್ಸಿ ಅಂತಾರೆ. ಅಮೆರಿಕದಲ್ಲಿರೋ ಭಾವ 10,000 ಆಗೋವರೆಗೂ ಮುಟ್ಬೇಡ, ಎರಡು ವರ್ಷ ಬಿಡು ಅಂತಾರೆ. ಅಪ್ಪನ ಹತ್ರ ಊರಲ್ಲಿ 2014ರ ಡೀಸೆಲ್ ಸ್ವಿಫ್ಟ್ ಇದೆ, ಆಯಿಲ್ ಅವರೇ ಇಳಿಸಿ ಹಾಕ್ತಾರೆ, ಕಪ್ಪಾದ್ರೆ ಬದಲಾಯ್ಸು ಇಲ್ದಿದ್ರೆ ಬಿಡು ಅಂತ ಅವರ ಲೆಕ್ಕ. ಯಾರ ಮಾತು ಕೇಳ್ಲಿ? ಇನ್ನೊಂದು, ಅಪ್ಪ ಇಳಿಸಿದ ಹಳೇ ಆಯಿಲ್ ಕ್ಯಾನ್‌ಗಳು ಹಿತ್ತಲಲ್ಲಿ ಸಾಲಾಗಿ ಕೂತಿವೆ, ಅದನ್ನ ಏನ್ ಮಾಡೋದು?

ಉತ್ತರ: ಮೊದಲು ನೇರ ಉತ್ತರ ಹೇಳ್ಬಿಡ್ತೀನಿ, ಆಮೇಲೆ ಯಾಕೆ ಅಂತ ನೋಡೋಣ. ನಿಮ್ಮ ಗಾಡಿಗೆ ವರ್ಷಕ್ಕೆ ಒಂದ್ಸಲ, ಓಡೋಮೀಟರ್ ಏನೇ ತೋರಿಸ್ಲಿ. ಆರು ತಿಂಗಳಿಗೆ ಬೇಡ, ಎರಡು ವರ್ಷ ಅಂತೂ ಬೇಡವೇ ಬೇಡ. ಅಪ್ಪನ ಡೀಸೆಲ್‌ಗೆ 7,500 ಅಥವಾ ಒಂದು ವರ್ಷ, ಯಾವುದು ಮೊದಲು ಬರತ್ತೋ ಅದು. ಬಣ್ಣ ನೋಡೋದು ಇವತ್ತಿಂದ ಬಿಟ್ಬಿಡಿ ಅಂತ ಹೇಳಿ ಅವರಿಗೆ.

ಭಾವನ ಮಾತಿಂದ ಶುರು ಮಾಡ್ತೀನಿ ಯಾಕಂದ್ರೆ ಅದು ಸುಲಭ. ಅಮೆರಿಕದಲ್ಲಿ 10,000 ಅಂದ್ರೆ ಮೈಲಿ ಸ್ವಾಮಿ, 16,000 ಕಿಲೋಮೀಟರ್! ಅಲ್ಲಿ ಟೊಯೋಟಾ ಥರದ ಕಂಪನಿಗಳು ಸಿಂಥೆಟಿಕ್ ಆಯಿಲ್ (ಕೆಮಿಕಲ್ ವಿಧಾನದಲ್ಲಿ ತಯಾರಿಸಿದ್ದು) ಹಾಕೋ ಎಂಜಿನ್‌ಗಳಿಗೆ ಅಷ್ಟು ಕೊಟ್ಟಿರೋದು ನಿಜ, ಆದ್ರೆ ಅದೇ ಪುಸ್ತಕದಲ್ಲಿ ಗಾಡಿನ ಕಷ್ಟದ ಕೆಲಸಕ್ಕೆ ಬಳಸಿದ್ರೆ 5,000 ಮೈಲಿಗೇ ಚೇಂಜ್ ಮಾಡಿ ಅಂತಾನೂ ಇದೆ, ಮತ್ತೆ ಅವರು ಹೇಳೋ ಕಷ್ಟದ ಕೆಲಸ ಅಂದ್ರೆ ಏನು ಗೊತ್ತಾ, ನೀರು ಹೆಪ್ಪುಗಟ್ಟೋ ಚಳೀಲಿ ಸಣ್ಣ ಸಣ್ಣ ಓಡಾಟ, ಧೂಳಿನ ರಸ್ತೆ, ತುಂಬಾ ಹೊತ್ತು ಐಡ್ಲಿಂಗು (ನಿಂತಲ್ಲೇ ಎಂಜಿನ್ ಓಡೋದು), ಅಂದ್ರೆ ಆ ಚಳಿ ಒಂದು ಬಿಟ್ರೆ ನಮ್ಮೂರಲ್ಲಿ ಸೋಮವಾರದಿಂದ ಶುಕ್ರವಾರ. ಯೂರೋಪಲ್ಲೂ ಹಂಗೇ, ಫೋಕ್ಸ್‌ವ್ಯಾಗನ್‌ನವರು ಜರ್ಮನಿಯಲ್ಲಿ ಲಾಂಗ್‌ಲೈಫ್ ಆಯಿಲ್‌ಗೆ 30,000 ಕಿಲೋಮೀಟರ್, ಎರಡು ವರ್ಷದವರೆಗೂ ಬಿಡ್ತಾರೆ, ಅದೇ ಕಂಪನಿ ಇಲ್ಲಿ 15,000 ಇಲ್ಲಾ ಒಂದು ವರ್ಷ ಅನ್ನತ್ತೆ. ನಮ್ಮ ಮಾರುತಿ, ಹ್ಯುಂಡೈ ಪೆಟ್ರೋಲ್ ಗಾಡಿಗಳಿಗೆ 10,000 ಇಲ್ಲಾ ಒಂದು ವರ್ಷ. ಆ 'ಇಲ್ಲಾ ಒಂದು ವರ್ಷ' ಅನ್ನೋ ಬಾಲ ಇದೆಯಲ್ಲ, ಅದನ್ನೇ ನಮ್ ಜನ ಓದಲ್ಲ.

ಈಗ ವಿಷಯಕ್ಕೆ ಬರ್ತೀನಿ. ಹಳ್ಳಿ ಕಡೆ ಟ್ರ್ಯಾಕ್ಟರ್ ಇಟ್ಕೊಂಡಿರೋರನ್ನ ಕೇಳಿ ನೋಡಿ, ಆಯಿಲ್ ಯಾವಾಗ ಬದಲಾಯ್ಸಿದ್ರಿ ಅಂದ್ರೆ ಕಿಲೋಮೀಟರ್ ಹೇಳಲ್ಲ, 'ಇನ್ನೂರೈವತ್ತು ಗಂಟೆ ಆಗಿತ್ತು ಹಾಕ್ದೆ' ಅಂತಾರೆ. ಟ್ರ್ಯಾಕ್ಟರ್‌ಗೆ, ಜೆಸಿಬಿಗೆ, ಜನರೇಟರ್‌ಗೆ ಎಲ್ಲಾ ಓಡಿದ ಗಂಟೆ ಎಣಿಸೋ ಅವರ್ ಮೀಟರ್ ಇರತ್ತೆ. ಕಾರಿಗೆ ಮಾತ್ರ ಕಿಲೋಮೀಟರ್ ಲೆಕ್ಕ. ಯಾಕಂದ್ರೆ ಕಾರು ರಸ್ತೆ ಮೇಲೆ ಒಂದೇ ಸಮ ಓಡತ್ತೆ ಅಂತ ಅಂದುಕೊಂಡು ಹಾಕಿದ ಲೆಕ್ಕ ಅದು. ಸಿಲ್ಕ್ ಬೋರ್ಡಲ್ಲಿ ಮುಕ್ಕಾಲು ಗಂಟೆ ನಿಂತಿರೋ ಕಾರಿಗೆ ಓಡೋಮೀಟರ್ ತಿರುಗಲ್ಲ, ಎಂಜಿನ್ ತಿರುಗ್ತಾನೇ ಇರತ್ತೆ, ಆಯಿಲ್ ದುಡೀತಾನೇ ಇರತ್ತೆ.

ನಿಮ್ಮ ಲೆಕ್ಕನೇ ಹಾಕೋಣ. ದಿನಕ್ಕೆ 70 ನಿಮಿಷ, ವರ್ಷಕ್ಕೆ 230 ದಿನ ಆಫೀಸು ಅಂತ ಇಟ್ಕೊಳ್ಳಿ, 268 ಗಂಟೆ ಆಯ್ತು, ಓಡಿದ್ದು ಬರೀ 2,300 ಕಿಲೋಮೀಟರ್. ಶಿವಮೊಗ್ಗಕ್ಕೆ ಹೋಗಿ ಬರೋಕೆ 600 ಅಂದ್ರೂ ಐದು ಸಲಕ್ಕೆ 3,000, ಸರಾಸರಿ 50ರ ಸ್ಪೀಡಲ್ಲಿ 60 ಗಂಟೆ. ಒಟ್ಟು 328 ಗಂಟೆ. ಅದೇ 328 ಗಂಟೆ ನೀವು ಹೈವೇಲಿ ಓಡ್ಸಿದ್ರೆ 16,400 ಕಿಲೋಮೀಟರ್ ಆಗಿರೋದು. ಅಂದ್ರೆ ನಿಮ್ಮ ಮೀಟರಲ್ಲಿ 5,300, ಎಂಜಿನ್ ಮೈಯಲ್ಲಿ ಅದರ ಮೂರು ಪಟ್ಟು. ಐಡ್ಲಿಂಗಲ್ಲಿ ಎಂಜಿನ್ ಮೇಲೆ ಲೋಡ್ ಕಮ್ಮಿ, ಹಾಗಾಗಿ ಗಂಟೆಗೆ ಗಂಟೆ ಸಮ ಅಂತ ಹೇಳಕ್ಕಾಗಲ್ಲ, ಸಿಗ್ನಲಲ್ಲಿ ಎಂಜಿನ್ ತಾನೇ ಆಫ್ ಆಗೋ ಫೀಚರ್ ಆನ್ ಇಟ್ಟಿದ್ರೆ ಇನ್ನೂ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ. ಆದ್ರೂ ನಾನು ಗ್ಯಾರೇಜಲ್ಲಿ ಇಟ್ಕೊಂಡಿರೋ ಅಂದಾಜು 250ರಿಂದ 350 ಗಂಟೆ, ಅದರೊಳಗೆ ಆಯಿಲ್ ಬದಲಾಗ್ಬೇಕು. ಮೀಟರಲ್ಲಿ ಸರಾಸರಿ ಸ್ಪೀಡ್ ತೋರ್ಸೋ ಗಾಡಿ ಇದ್ರೆ ಓಡಿದ ಕಿಲೋಮೀಟರನ್ನ ಅದರಿಂದ ಭಾಗ ಮಾಡಿ, ಗಂಟೆ ಸಿಕ್ತು, ಅಷ್ಟೇ ಕೆಲಸ.

ಆದ್ರೆ ಗಂಟೆ ಅರ್ಧ ಕಥೆ ಅಷ್ಟೆ. ಇನ್ನರ್ಧ ಕಥೆ ಎಂಜಿನ್ ಬಿಸಿ ಆಗ್ತಾ ಇದೆಯಾ ಇಲ್ವಾ ಅನ್ನೋದು.

ಹೋದ ವರ್ಷ ಮಳೆಗಾಲದಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರು ಬಂತು, ಎಂಟು ವರ್ಷ ಹಳೇದು, ಓಡಿದ್ದು ಬರೀ 32,000, ಪೇಂಟು ಸೀಟು ಎಲ್ಲಾ ಶೋರೂಮಿಂದ ಈಗ ತಂದಂಗಿದೆ. ಓನರ್ ರಿಟೈರ್ಡ್ ಮೇಷ್ಟ್ರು. ದೇವಸ್ಥಾನ, ತರಕಾರಿ, ಮೊಮ್ಮಗಳ ಸ್ಕೂಲು, ಎಲ್ಲಾ ಎರಡು ಕಿಲೋಮೀಟರ್ ಒಳಗೆ. 'ಸ್ಟಾರ್ಟ್ ಮಾಡ್ದಾಗ ಟಕಟಕ ಅಂತ ಸೌಂಡು ಬರತ್ತೆ' ಅಂದ್ರು. ಆಯಿಲ್ ಹಾಕೋ ಮುಚ್ಚಳ ತಿರುಗಿಸಿದೆ ನೋಡಿ, ಒಳಗೆ ಬೆಣ್ಣೆ ಮೆತ್ತಿದ ಹಾಗೆ ಹಳದಿ ಬಿಳುಪು ನೊರೆ. ಎಂಜಿನ್ ತಲೆ ಮೇಲಿನ ವಾಲ್ವ್ ಕವರ್ ಬಿಚ್ಚಿದ್ರೆ ಒಳಗೆ ಹುಣಸೆ ಗೊಜ್ಜು ಥರ ಕಪ್ಪು ಗಟ್ಟಿ, ಸ್ಕ್ರೂಡ್ರೈವರ್ ಎಳೆದ್ರೆ ಗೆರೆ ಬೀಳತ್ತೆ. ಎಂಟು ವರ್ಷದಲ್ಲಿ ಆಯಿಲ್ ಚೇಂಜ್ ಮೂರೇ ಸಲ, ಪ್ರತಿ 10,000ಕ್ಕೆ ಸರಿಯಾಗಿ. ಮೇಷ್ಟ್ರು ಲೆಕ್ಕ ತಪ್ಪಿರ್ಲಿಲ್ಲ ಪಾಪ, ಲೆಕ್ಕ ಹಾಕಿದ ಅಳತೆ ತಪ್ಪಿತ್ತು. ಅದೇ ವಾರ ಗ್ಯಾರೇಜಲ್ಲಿ ಪಕ್ಕದಲ್ಲೇ ಏರ್‌ಪೋರ್ಟ್ ಓಡಾಡೋ ಹಳದಿ ಬೋರ್ಡ್ ಡೀಸೆಲ್ ಗಾಡಿ ನಿಂತಿತ್ತು, ಮೂರು ಲಕ್ಷ ದಾಟಿದ್ದು, ಕವರ್ ಗ್ಯಾಸ್ಕೆಟ್ ಸೋರ್ತಿದೆ ಅಂತ ಬಿಚ್ಚಿದ್ವಿ, ಒಳಗೆ ಮೆಟಲ್ ಬಣ್ಣ ಕಾಣಿಸ್ತಿತ್ತು, ತೆಳುವಾಗಿ ಕಂದು ಬಣ್ಣ ಹಿಡಿದಿದ್ದು ಬಿಟ್ರೆ ಏನಿಲ್ಲ. ಆ ಡ್ರೈವರೂ 10,000ಕ್ಕೇ ಮಾಡ್ಸೋನು, ಆದ್ರೆ ಅವನಿಗೆ ಆ 10,000 ಎರಡು ತಿಂಗಳೂ ಹಿಡೀತಿರ್ಲಿಲ್ಲ, ಎಂಜಿನ್ ತಣ್ಣಗಾಗೋಕೆ ಪುರುಸೊತ್ತೇ ಇರ್ಲಿಲ್ಲ.

ಯಾಕೆ ಹಿಂಗೆ ಅಂದ್ರೆ, ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟತ್ತೆ. ನಂಬಕ್ಕಾಗಲ್ಲ ಅಲ್ವಾ, ಆದ್ರೆ ಕೆಮಿಸ್ಟ್ರಿ ಲೆಕ್ಕ ಅದೇ. ಬೆಳಿಗ್ಗೆ ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕೋದು ಅದೇ ನೀರು. ಹೆಚ್ಚಿನದು ಆವಿಯಾಗಿ ಹೊರಗೆ ಹೋಗತ್ತೆ, ಆದ್ರೆ ಪಿಸ್ಟನ್ ರಿಂಗ್ ಸಂದಿಯಿಂದ ಸ್ವಲ್ಪ ಗ್ಯಾಸು ಯಾವಾಗ್ಲೂ ಕೆಳಗೆ ನುಸುಳ್ತಾನೇ ಇರತ್ತೆ, ಅದರ ಜೊತೆ ನೀರಿನ ಆವಿ, ಉರಿಯದ ಪೆಟ್ರೋಲು ಎರಡೂ ಆಯಿಲ್‌ಗೆ ಸೇರತ್ತೆ. ಎಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಜಾಸ್ತಿ ಸ್ಪ್ರೇ ಆಗತ್ತೆ, ಹಾಗಾಗಿ ಆ ಮೊದಲ ಹತ್ತು ನಿಮಿಷದಲ್ಲೇ ಕೊಳೆ ಜಾಸ್ತಿ. ಆಯಿಲ್ 90-100 ಡಿಗ್ರಿ ಮುಟ್ಟಿ ಒಂದರ್ಧ ಗಂಟೆ ಹಂಗೇ ಇದ್ರೆ ನೀರೂ ಪೆಟ್ರೋಲೂ ಬಹುಪಾಲು ಆವಿಯಾಗಿ ಪಿಸಿವಿ ವಾಲ್ವ್ (ಒಳಗಿನ ಗ್ಯಾಸನ್ನ ಮತ್ತೆ ಎಂಜಿನ್‌ಗೇ ಕಳಿಸೋ ವಾಲ್ವ್) ದಾರಿಯಲ್ಲಿ ವಾಪಸ್ ಹೋಗಿ ಉರಿದುಹೋಗತ್ತೆ. ಎರಡು ಕಿಲೋಮೀಟರ್ ಓಡಿ ಆಫ್ ಮಾಡಿದ್ರೆ ಎಲ್ಲಾ ಒಳಗೇ ಕೂತ್ಕೊಳತ್ತೆ, ಆಸಿಡ್ ಆಗತ್ತೆ, ಆಯಿಲಲ್ಲಿ ಬೆರೆಸಿರೋ ಕ್ಷಾರದ ರಾಸಾಯನಿಕ (ಅಡಿಟಿವ್) ಆ ಆಸಿಡ್ ಜೊತೆ ಹೊಡೆದಾಡಿ ಹೊಡೆದಾಡಿ ಖಾಲಿ ಆಗತ್ತೆ, ಆಮೇಲೆ ಕೊಳೆನ ತೇಲಿಸಿ ಹಿಡಿಯೋ ಶಕ್ತಿ ಹೋಗಿ ಗೊಜ್ಜು. ಇದಕ್ಕೆ ಸಿಂಥೆಟಿಕ್ಕು, ಮಿನರಲ್ಲು (ಕಚ್ಚಾ ತೈಲ ಸೋಸಿ ಮಾಡಿದ್ದು) ಅಂತ ಭೇದ ಇಲ್ಲ, ಸಿಂಥೆಟಿಕ್ ಬಿಸಿಗೆ ಚೆನ್ನಾಗಿ ತಡ್ಕೊಳತ್ತೆ ನಿಜ, ನೀರಿಗೆ ಅದೂ ಅಷ್ಟೇ. ಅದಕ್ಕೇ 'ಫುಲ್ಲಿ ಸಿಂಥೆಟಿಕ್ ಹಾಕ್ಸಿದೀನಿ ಎರಡು ವರ್ಷ ಚಿಂತೆ ಇಲ್ಲ' ಅನ್ನೋರನ್ನ ಕಂಡ್ರೆ ನನಗೆ ಸಂಕಟ ಆಗತ್ತೆ.

ಕೆಲವು ಗಾಡೀಲಿ ಟೆಂಪರೇಚರ್ ಮುಳ್ಳಿಲ್ಲ, ನೀಲಿ ದೀಪ ಇರತ್ತೆ, ಅದು ಆರಿದ್ರೆ ಎಂಜಿನ್ ಬಿಸಿ ಆಯ್ತು ಅಂತ ತಿಳ್ಕೋತಾರೆ. ಅದು ಕೂಲಂಟ್ (ಎಂಜಿನ್ ತಣಿಸೋ ನೀರು) ಲೆಕ್ಕ. ಆಯಿಲ್ ಬಿಸಿ ಆಗೋಕೆ ಅದರ ಮೇಲೆ ಇನ್ನೂ ಅಷ್ಟೇ ಹೊತ್ತು ಬೇಕು.

ನಿಮ್ಮ ಗಾಡಿ ಮೇಷ್ಟ್ರ ಗಾಡಿ ಥರ ಅಲ್ಲ ಯಾಕೆ ಅಂದ್ರೆ ಎರಡು ಕಾರಣ. ನಿಮ್ಮದು 5 ಕಿಲೋಮೀಟರ್ ಆದ್ರೂ 35 ನಿಮಿಷ, ನಮ್ಮ ಹವಾಮಾನಕ್ಕೆ ಆ ಟೈಮಲ್ಲಿ ಆಯಿಲ್ ತಕ್ಕಮಟ್ಟಿಗೆ ಬಿಸಿ ಆಗತ್ತೆ. ಇನ್ನೊಂದು ಶಿವಮೊಗ್ಗ ಟ್ರಿಪ್ಪು, ಐದಾರು ಗಂಟೆ ಒಂದೇ ಸಮ ಓಡಿದಾಗ ಆಯಿಲ್ ಒಳಗಿನ ತೇವ ಎಲ್ಲಾ ಬೆಂದು ಹೋಗತ್ತೆ, ಅದೊಂಥರಾ ಎಂಜಿನ್‌ಗೆ ಎಣ್ಣೆ ಸ್ನಾನ. ಅದಕ್ಕೇ ಆರು ತಿಂಗಳಿಗೆ ಬೇಡ ಅಂದಿದ್ದು. ಮುಂದೆ ಊರಿಗೆ ಹೋಗೋದು ನಿಂತು ಬರೀ ಆಫೀಸ್ ಓಡಾಟ ಉಳಿದ್ರೆ ಎಂಟು ಒಂಬತ್ತು ತಿಂಗಳಿಗೆ ತನ್ನಿ. ವರ್ಕ್ ಫ್ರಮ್ ಹೋಮ್ ಆಗಿ ಗಾಡಿ ನಿಂತೇ ಇದ್ರೂ ವರ್ಷ ಅಂದ್ರೆ ವರ್ಷ, ಮತ್ತೆ ದಯವಿಟ್ಟು ವಾರಕ್ಕೊಂದ್ಸಲ ಪಾರ್ಕಿಂಗಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ಬೇಡಿ, ಅದು ಬ್ಯಾಟರಿಗೂ ಉಪಕಾರ ಇಲ್ಲ, ಆಯಿಲ್‌ಗೆ ನೀರು ಸೇರ್ಸೋ ಕೆಲಸ. ತೆಗೆದ್ರೆ ಒಂದಿಪ್ಪತ್ತು ಕಿಲೋಮೀಟರ್ ಓಡ್ಸಿ ಬನ್ನಿ.

ಸರ್ವಿಸ್ ಸೆಂಟರ್‌ನವರು ಆರು ತಿಂಗಳು ಅಂದಿದ್ದು ಬರೀ ದುಡ್ಡಿಗೆ ಅಂತ ನಾನು ಹೇಳಲ್ಲ, ಆದ್ರೆ ಮ್ಯಾನ್ಯುಯಲ್ ತೆಗೆದು 'ಇದರಲ್ಲಿ ಎಲ್ಲಿ ಬರೆದಿದೆ ತೋರಿಸಿ' ಅಂತ ಕೇಳೋದ್ರಲ್ಲಿ ತಪ್ಪಿಲ್ಲ. ವಾರಂಟಿ ಇರೋವರೆಗೂ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಲೇಟ್ ಮಾಡ್ಬೇಡಿ, ಬಿಲ್ ಇಟ್ಕೊಳ್ಳಿ, ಮುಂಚೆ ಮಾಡಿಸಿದ್ರೆ ಯಾರೂ ಏನೂ ಅನ್ನಲ್ಲ. ಆಯಿಲ್ ಜೊತೆಗೆ ಎಂಜಿನ್ ಫ್ಲಶ್ಶು (ಒಳಗಿನ ಕೊಳೆ ಎಬ್ಬಿಸೋ ದ್ರಾವಣ), ಎಂಜಿನ್ ಕೋಟಿಂಗು, ಆಯಿಲ್ ಅಡಿಟಿವ್ವು ಅಂತ ಬಿಲ್ಲಿಗೆ ಸೇರಿಸ್ತಾರಲ್ಲ, ಅದನ್ನ ಹೊಡೆದುಹಾಕ್ಸಿ. ಟೈಮಿಗೆ ಆಯಿಲ್ ಬದಲಾಯ್ಸೋ ಗಾಡಿಗೆ ಅದು ಯಾವುದೂ ಬೇಡ, ಬದಲಾಯ್ಸದೇ ಇರೋ ಗಾಡಿಗೆ ಫ್ಲಶ್ ಹಾಕಿದ್ರೆ ಗೊಜ್ಜು ಎದ್ದು ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರೋ ಅಪಾಯ ಬೇರೆ. ಮೇಷ್ಟ್ರ ಗಾಡಿಗೆ ನಾನು ಫ್ಲಶ್ ಮುಟ್ಟಿಸ್ಲಿಲ್ಲ. ಸಂಪ್ (ಎಂಜಿನ್ ತಳದಲ್ಲಿ ಆಯಿಲ್ ನಿಲ್ಲೋ ತಟ್ಟೆ) ಇಳಿಸಿ ಜಾಲರಿ ಕೈಯಲ್ಲಿ ತೊಳೆದು, ಒಳ್ಳೇ ಆಯಿಲ್ ಹಾಕಿ, 1,000 ಕಿಲೋಮೀಟರಿಗೆ ಒಂದ್ಸಲ, 3,000ಕ್ಕೆ ಒಂದ್ಸಲ ಬದಲಾಯ್ಸಿ, ನಿಧಾನಕ್ಕೆ ಕರಗ್ಸಿದ್ದು. ಸೌಂಡು ಮುಕ್ಕಾಲು ಪಾಲು ಹೋಯ್ತು.

ಯಾವ ಆಯಿಲ್ ಅನ್ನೋದು ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೀನಿ, ಇದರಲ್ಲಿ ತಪ್ಪು ಜಾಸ್ತಿ ನಡೆಯತ್ತೆ. ಈಚಿನ ಮಾರುತಿ ಪೆಟ್ರೋಲ್ ಎಂಜಿನ್‌ಗಳಿಗೆ 0ಡಬ್ಲ್ಯು-16, ಅದಕ್ಕಿಂತ ಹಿಂದಿನವಕ್ಕೆ 0ಡಬ್ಲ್ಯು-20, ಅದರ ಹಿಂದೆ 5ಡಬ್ಲ್ಯು-30, ಹಿಂಗೆ ತೆಳುವಾಗ್ತಾ ಬಂದಿದೆ. ಡಬ್ಲ್ಯು ಅಂದ್ರೆ ವಿಂಟರ್, ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯತ್ತೆ ಅನ್ನೋ ಗುರುತು, ಕೊನೇ ನಂಬರ್ ಎಂಜಿನ್ ಬಿಸಿ ಇದ್ದಾಗಿನ ದಪ್ಪ. ರೋಡ್ ಸೈಡ್ ಮೆಕ್ಯಾನಿಕ್ ಹತ್ರ ಹೋದ್ರೆ 'ನಮ್ಮ ಬಿಸಿಲಿಗೆ ಈ ನೀರಿನಂಥ ಆಯಿಲ್ ನಿಲ್ಲಲ್ಲ' ಅಂತ 20ಡಬ್ಲ್ಯು-50 ಸುರೀತಾನೆ. ನಿಮ್ಮ ಎಂಜಿನ್ ಒಳಗಿನ ಸಂದಿಗಳು, ವಾಲ್ವ್ ಟೈಮಿಂಗ್ ಬದಲಾಯ್ಸೋ ವ್ಯವಸ್ಥೆ, ಚೈನ್ ಬಿಗಿ ಹಿಡಿಯೋ ಟೆನ್ಷನರ್ ಎಲ್ಲಾ ತೆಳು ಆಯಿಲ್ ಪ್ರೆಶರ್‌ಗೆ ಲೆಕ್ಕ ಹಾಕಿ ಮಾಡಿರೋದು, ಬೆಳಗಿನ ಮೊದಲ ಸ್ಟಾರ್ಟಲ್ಲಿ ಗಂಜಿ ಥರದ ಆಯಿಲ್ ಮೇಲೆ ಏರೋವಷ್ಟರಲ್ಲಿ ಸವೆತ ಆಗಿರತ್ತೆ. ಮ್ಯಾನ್ಯುಯಲಲ್ಲಿರೋ ಗ್ರೇಡು, ಡಬ್ಬದ ಮೇಲೆ ಎಪಿಐ ಎಸ್‌ಪಿ (ಆಯಿಲ್ ಗುಣಮಟ್ಟದ ಗುರುತು) ಅಥವಾ ಅದಕ್ಕಿಂತ ಹೊಸದು ಅಂತ ಇದ್ರೆ ಸಾಕು, ಬ್ರ್ಯಾಂಡ್ ಜಗಳ ನನಗೆ ಬೇಡ. ನಿಮ್ಮ ಗಾಡಿಗೆ ಮೂರು ಲೀಟರ್ ಚಿಲ್ಲರೆ ಹಿಡಿಯತ್ತೆ, ಜೊತೆಗೆ ಫಿಲ್ಟರ್ ಪ್ರತಿ ಸಲ ಹೊಸದು, ಅದರ ರೇಟು ಇಬ್ಬರ ಮಸಾಲೆದೋಸೆ ಕಾಫಿ ಅಷ್ಟೆ, ಅಲ್ಲಿ ಜಿಪುಣತನ ಮಾಡ್ಬೇಡಿ. ಮತ್ತೆ ಖಾಲಿ ಡಬ್ಬಕ್ಕೆ ಅಲ್ಲೇ ಸ್ಕ್ರೂಡ್ರೈವರಲ್ಲಿ ತೂತು ಹೊಡ್ಸಿ, ಇಲ್ದಿದ್ರೆ ಅದೇ ಡಬ್ಬ ಕಳ್ಳ ಆಯಿಲ್ ತುಂಬ್ಕೊಂಡು ಇನ್ನೊಬ್ಬರ ಗಾಡಿಗೆ ಹೋಗತ್ತೆ.

ಟರ್ಬೋ ಪೆಟ್ರೋಲ್ ಇಟ್ಕೊಂಡಿರೋರೂ ಇದನ್ನ ಓದ್ತಿರ್ತಾರೆ, ಅವರಿಗೆ ಒಂದು ಮಾತು. ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಸ್ಪ್ರೇ ಆಗೋ ಡೈರೆಕ್ಟ್ ಇಂಜೆಕ್ಷನ್ ಎಂಜಿನಲ್ಲಿ ಪೆಟ್ರೋಲ್ ಆಯಿಲ್‌ಗೆ ಸೇರೋದು ಇನ್ನೂ ಜಾಸ್ತಿ, ಟರ್ಬೋ ಬೇರಿಂಗ್ ಬಿಸಿಗೆ ಆಯಿಲ್ ಕರಕಲಾಗೋದೂ ಇದೆ, ಸಿಟಿ ಓಡಾಟ ಇದ್ರೆ ಕಂಪನಿ ಏನೇ ಹೇಳ್ಲಿ 7,500 ದಾಟಿಸ್ಬೇಡಿ. ಬಿಎಸ್6 ಡೀಸೆಲ್‌ನವರು ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ನೆನಪಿಟ್ಕೊಳ್ಳಿ, ಆ ಫಿಲ್ಟರ್ ಮಸಿ ಸುಡೋಕೆ ಎಂಜಿನ್ ಎಕ್ಸ್‌ಟ್ರಾ ಡೀಸೆಲ್ ಸ್ಪ್ರೇ ಮಾಡತ್ತೆ, ಅರ್ಧಕ್ಕೆ ಆಫ್ ಮಾಡ್ತಾ ಇದ್ರೆ ಆ ಡೀಸೆಲ್ ಸಂಪಿಗೆ ಇಳಿಯತ್ತೆ, ಡಿಪ್‌ಸ್ಟಿಕಲ್ಲಿ (ಆಯಿಲ್ ಅಳೆಯೋ ಕಡ್ಡಿ) ಲೆವೆಲ್ ಇಳಿಯೋ ಬದಲು ಏರ್ತಾ ಇದ್ರೆ ಖುಷಿ ಪಡೋ ವಿಷಯ ಅಲ್ಲ ಅದು, ತಕ್ಷಣ ಬದಲಾಯ್ಸಿ.

ಈಗ ಅಪ್ಪನ ಗಾಡಿ. ಡೀಸೆಲ್ ಎಂಜಿನಲ್ಲಿ ಹೊಸ ಆಯಿಲ್ ಹಾಕಿ ಒಂದೆರಡು ದಿನ ಓಡ್ಸಿದ್ರೆ ಸಾಕು, ಕಾಡಿಗೆ ಥರ ಆಗತ್ತೆ. ಮಸಿನ ಗಟ್ಟಿ ಆಗೋಕೆ ಬಿಡದೆ ತನ್ನೊಳಗೆ ತೇಲಿಸಿಟ್ಕೊಂಡಿದೆ ಅಂತ ಅರ್ಥ, ಅದೇ ಅದರ ಕೆಲಸ. ಅಂದ್ರೆ ಅಪ್ಪನ ಲೆಕ್ಕದ ಪ್ರಕಾರ ನಿಜವಾಗಿ ನಡ್ಕೊಂಡ್ರೆ ವಾರಕ್ಕೊಂದ್ಸಲ ಬದಲಾಯಿಸ್ಬೇಕಾಗತ್ತೆ! ಅವರು ಹಂಗೆ ಮಾಡ್ತಿಲ್ಲ ಅಂದ್ಮೇಲೆ ಮನಸ್ಸಲ್ಲಿ ಬೇರೆ ಏನೋ ಲೆಕ್ಕ ಇದೆ ಅಂತ ಆಯ್ತು, ಕೇಳಿ ನೋಡಿ. ಉಲ್ಟಾ, ಪೆಟ್ರೋಲ್ ಗಾಡೀಲಿ ಆಯಿಲ್ ಜೇನುತುಪ್ಪದ ಬಣ್ಣದಲ್ಲೇ ಇದ್ರೂ ಅಡಿಟಿವ್ ಸತ್ತಿರಬಹುದು. ಬಣ್ಣ ಏನೂ ಹೇಳಲ್ಲ. ಮೂಗು ಸ್ವಲ್ಪ ಹೇಳತ್ತೆ, ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಗಮ್ ಅಂತ ಹೊಡೆದ್ರೆ ತಡ ಮಾಡ್ಬೇಡಿ. ಆ 1.3 ಡೀಸೆಲ್ ಎಂಜಿನಲ್ಲಿ ಟೈಮಿಂಗ್ ಚೈನ್ (ವಾಲ್ವ್‌ಗಳನ್ನ ಪಿಸ್ಟನ್ ಜೊತೆ ತಾಳ ತಪ್ಪದಂಗೆ ನಡೆಸೋ ಸರಪಳಿ) ಇರೋದು, ಬೆಲ್ಟ್ ಅಲ್ಲ, ಆ ಚೈನಿನ ಆಯುಷ್ಯ ಪೂರ್ತಿ ಆಯಿಲ್ ಮೇಲೆ ನಿಂತಿದೆ, ಹಳೇ ಆಯಿಲಲ್ಲೇ ಎಳೆದೂ ಎಳೆದೂ ಚೈನ್ ಸಡಿಲ ಆಗಿ ಹಲ್ಲು ಹಾರಿ ವಾಲ್ವ್ ಬಗ್ಗಿಸ್ಕೊಂಡು ಟೋ ಆಗಿ ಬಂದ ಗಾಡಿ ಎಷ್ಟು ನೋಡಿದೀನೋ, ಅದರ ರಿಪೇರಿ ಖರ್ಚಲ್ಲಿ ಹತ್ತು ವರ್ಷದ ಆಯಿಲ್ ಬರತ್ತೆ. ಅದಕ್ಕೇ ಕಂಪನಿ 10,000 ಅಂದ್ರೂ ಹನ್ನೊಂದು ವರ್ಷ ದಾಟಿರೋ ಗಾಡಿಗೆ ನಾನು 7,500 ಅನ್ನೋದು.

ಅಪ್ಪನಿಗೆ ಇನ್ನೊಂದು ಹೇಳಿ. ಸಮತಟ್ಟು ಜಾಗದಲ್ಲಿ ನಿಲ್ಸಿ, ಎಂಜಿನ್ ಆಫ್ ಮಾಡಿ ಐದತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒಂದ್ಸಲ ಒರೆಸಿ ಮತ್ತೆ ಹಾಕಿ ತೆಗೆದು ನೋಡೋದು, ತಿಂಗಳಿಗೊಂದ್ಸಲ. ಮೇಲಿನ ಗುರುತು ದಾಟಿ ಹಾಕ್ಬಾರ್ದು, ಕ್ರ್ಯಾಂಕ್ ಬಡಿದು ನೊರೆ ಆಗತ್ತೆ. ಡ್ರೈನ್ ಬೋಲ್ಟ್ ವಾಷರ್ ಪ್ರತಿ ಸಲ ಹೊಸದು. ಮೀಟರಲ್ಲಿ ಬರೋ ಕೆಂಪು ದೀಪನ ನಂಬ್ಕೊಂಡು ಕೂರೋದು ಬೇಡ, ಆ ಆಯಿಲ್ ಕ್ಯಾನಿನ ಚಿತ್ರ ಬಹಳ ಗಾಡೀಲಿ ಲೆವೆಲ್‌ಗೆ ಸಂಬಂಧಪಟ್ಟಿದ್ದೇ ಅಲ್ಲ, ಅದು ಪ್ರೆಶರ್. ಓಡ್ಸೋವಾಗ ಅದು ಹತ್ತಿದ್ರೆ ಮುಂದಿನ ಬಂಕ್ ವರೆಗೆ ಹೋಗಿ ನೋಡೋಣ ಅನ್ನೋ ಹಾಗಿಲ್ಲ, ಅಲ್ಲೇ ಪಕ್ಕಕ್ಕೆ ಹಾಕಿ ಆಫ್.

ಹಿತ್ತಲಲ್ಲಿರೋ ಕ್ಯಾನ್‌ಗಳ ವಿಷಯ. ಮಲೆನಾಡಲ್ಲಿ ಕೊಟ್ಟಿಗೆ ಕಂಬಕ್ಕೆ, ಬೇಲಿ ಗೂಟಕ್ಕೆ ಗೆದ್ದಲು ಹಿಡೀಬಾರ್ದು ಅಂತ ಹಳೇ ಆಯಿಲ್ ಬಳಿಯೋದು ನಮ್ಮಜ್ಜನ ಕಾಲದಿಂದ ಬಂದಿದ್ದು, ನಮ್ಮನೇಲೂ ಬಳೀತಿದ್ರು, ನನ್ನ ಚಡ್ಡಿಗೂ ಅಂಟಿಸ್ಕೊಂಡು ಬೈಸ್ಕೊಂಡಿದೀನಿ. ಆದ್ರೆ ಅದರಲ್ಲಿ ಲೋಹದ ಪುಡಿ, ಉರಿದ ಇಂಧನದ ವಿಷ ಎಲ್ಲಾ ಇರತ್ತೆ, ಬರಿಗೈಯಲ್ಲಿ ಮುಟ್ಟೋದು ಒಳ್ಳೇದಲ್ಲ, ದನ ಆ ಕಂಬ ನೆಕ್ಕತ್ತೆ, ಮಳೆ ಹೊಡೆದ್ರೆ ತೊಳ್ಕೊಂಡು ಬಾವಿ ಕಡೆಗೇ ಹೋಗೋದು. ಸರ್ಕಾರದ 2016ರ ನಿಯಮದಲ್ಲಿ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲೇ ಇದೆ, ಪರವಾನಗಿ ಇರೋ ರಿಸೈಕ್ಲರ್‌ಗೇ ಹೋಗ್ಬೇಕು. ಮನೆಯೋರು ಅಲ್ಲಿಗೆ ಹೋಗೋ ತೊಂದ್ರೆ ಇಲ್ಲ, ದೊಡ್ಡ ಸರ್ವಿಸ್ ಸೆಂಟರ್‌ಗಳಲ್ಲಿ ಡ್ರಮ್ ಇಟ್ಟಿರ್ತಾರೆ, ರಿಸೈಕ್ಲರ್ ಬಂದು ಒಯ್ತಾನೆ. ಮುಂದಿನ ಸಲ ಊರಿಗೆ ಹೋದಾಗ ಕ್ಯಾನ್‌ಗಳ ಮುಚ್ಚಳ ಬಿಗಿ ಮಾಡಿ, ಒಂದರಲ್ಲೂ ಕೂಲಂಟು, ನೀರು, ಸೀಮೆಎಣ್ಣೆ ಬೆರೆತಿಲ್ಲ ಅಂತ ಅಪ್ಪನ್ನ ಕೇಳ್ಕೊಂಡು, ಡಿಕ್ಕಿಗೆ ಹಳೇ ಗೋಣಿಚೀಲ ಹಾಸಿ ಅದರ ಮೇಲೆ ಇಟ್ಕೊಂಡು ಶಿವಮೊಗ್ಗದಲ್ಲೇ ಅಂಥ ಒಂದು ಕಡೆ ಕೊಟ್ಬಿಡಿ. ಬೆಂಗಳೂರಿನವರೆಗೂ ತರಬೇಡಿ, ಡಿಕ್ಕಿ ವಾಸನೆ ಆರು ತಿಂಗಳು ಹೋಗಲ್ಲ.